ಒಂದೇ ಈಡಿನ ಲೆಕ್ಕ

ಕ್ರಿಸ್‌ಮಸ್ ಕಳೆದ ಕೂಡಲೇ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ವಿಶೇಷವಾದ ಬೇಟೆಯ ಋತುವೊಂದು ಶುರುವಾಗುತ್ತದೆ. ಆಧುನಿಕ ರೈಫಲ್ ಹಿಡಿದವರ ಸರದಿ ಅಷ್ಟರಲ್ಲಿ ಮುಗಿದಿರುತ್ತದೆ. ಈಗ ಕಾಡಿಗೆ ಇಳಿಯುವವರ ಕೈಯಲ್ಲಿ ಇರಬೇಕಾದದ್ದು ಚಕಮಕಿ ಕೋವಿ. ನಳಿಗೆಯ ಬಾಯಿಯಿಂದ ಮದ್ದು ಸುರಿದು, ಗುಂಡಿಟ್ಟು, ಗಜಕೋಲಿನಿಂದ ತಳ್ಳಿ ಕೂರಿಸಿ, ಕಲ್ಲು ಉಕ್ಕಿಗೆ ಬಡಿದಾಗ ಉದುರುವ ಕಿಡಿಯಿಂದ ಹೊತ್ತಿಸುವ ಹದಿನೆಂಟನೇ ಶತಮಾನದ ಕೋವಿ ಅದು. 1974ರಲ್ಲಿ ಈ ಋತು ಆರಂಭವಾಯಿತು. ಇಂದಿಗೂ ಹಿಮ ಬಿದ್ದ ಗುಡ್ಡಗಳಲ್ಲಿ ಬಿಳಿಬಾಲದ ಜಿಂಕೆಯ ಜಾಡು ಹಿಡಿದು ಸಾವಿರಾರು ಮಂದಿ ಇದೇ ಕೋವಿ ಹೊತ್ತು ನಡೆಯುತ್ತಾರೆ.

ಆ ಕೋವಿಯಲ್ಲಿ ಇರುವುದು ಒಂದೇ ಈಡು. ಪಳಗಿದ ಕೈಗೂ ಮತ್ತೆ ತುಂಬಲು ಅರ್ಧ ನಿಮಿಷವಾದರೂ ಬೇಕು. ಚಳಿಗೆ ಬೆರಳು ಮರಗಟ್ಟಿದ್ದರೆ ಇನ್ನೂ ಹೆಚ್ಚು. ಅಷ್ಟರಲ್ಲಿ ಜಿಂಕೆ ದಿಬ್ಬ ದಾಟಿರುತ್ತದೆ. ಸರಿಯಾದ ಜಾಗಕ್ಕೆ ತಾಗಿದರೆ ಕೆಲವೇ ಕ್ಷಣಗಳಲ್ಲಿ ಅದರ ಪ್ರಾಣ ಹೋಗುತ್ತದೆ. ಒಂದು ಗೇಣು ಹಿಂದಕ್ಕೆ ಸರಿದರೆ ಹೊಟ್ಟೆಗೆ ಗುಂಡು ತಿಂದ ಪ್ರಾಣಿ ರಾತ್ರಿಯೆಲ್ಲ ಪೊದೆಯಲ್ಲಿ ನರಳುತ್ತದೆ. ಮದ್ದು ಯಾವುದು, ಎಷ್ಟು, ಗುಂಡು ಎಂಥದ್ದು ಎನ್ನುವುದರಲ್ಲಿ ಬೇಟೆಗಾರ ಉದಾಸೀನ ಮಾಡಿದರೆ ಅದರ ಬೆಲೆ ತೆರುವುದು ಪ್ರಾಣಿಯೇ. ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿಸಿದ್ದೂ ಇದೇ ಸಂಗತಿ.

ಮಲೆನಾಡಿನ, ಕೊಡಗಿನ ಓದುಗರಿಗೆ ಈ ಕೋವಿಯ ಮೈಕಟ್ಟು ಹೊಸದೇನಲ್ಲ. ಇದೇ ವಂಶದ ಕೇಪಿನ ಕೋವಿಗಳು ನಮ್ಮ ಹಳೆಯ ಮನೆಗಳ ಅಟ್ಟದಲ್ಲಿ, ತೋಟ ಕಾಯುವವರ ಕೈಯಲ್ಲಿ ಇದ್ದವು. ಕೈಲ್‌ಪೊಳ್ದ್ ದಿನ ಕೊಡವರು ಕೋವಿಯ ನಳಿಗೆಗೆ ತೋಕ್ ಪೂ ಸಿಕ್ಕಿಸಿ ಪೂಜಿಸುವುದೂ ಗೊತ್ತಿದ್ದದ್ದೇ. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ನಮ್ಮಲ್ಲಿ ಬೇಟೆಗೆ ಜಾಗವಿಲ್ಲ. ಕೊಡವರಿಗಿರುವ ವಿನಾಯಿತಿಯೂ ಕೋವಿ ಇಟ್ಟುಕೊಳ್ಳಲು ಮಾತ್ರ. ಹಾಗಾಗಿ ಮುಂದೆ ಹೇಳುವುದೆಲ್ಲ ಲೈಸೆನ್ಸು, ಋತು, ಮಿತಿ ಎಂದು ಕಾನೂನೇ ಕಟ್ಟಳೆ ಹಾಕಿಕೊಟ್ಟಿರುವ ಅಮೆರಿಕದ ಬೇಟೆಗೆ ಸೇರಿದ ಮಾತು. ಮದ್ದಿನ ಕಥೆಯಲ್ಲಿ ಮಾತ್ರ ಹಿಂದೂಸ್ತಾನದ ಪಾಲು ದೊಡ್ಡದಿದೆ.

ಪೆಟ್ಲುಪ್ಪು, ಇದ್ದಿಲು, ಗಂಧಕ, ಈ ಮೂರು ಸೇರಿದ್ದು ಕರಿಮದ್ದು. ಮೂರೇ ಪದಾರ್ಥವಾದರೂ ಒಬ್ಬರ ಮದ್ದಿನಂತೆ ಇನ್ನೊಬ್ಬರದು ಇರುವುದಿಲ್ಲ. ಇದ್ದಿಲು ಯಾವ ಮರದ್ದು, ಎಷ್ಟು ಹೊತ್ತು ಅರೆದದ್ದು, ಎಷ್ಟು ಒತ್ತಿ ಹರಳು ಮಾಡಿದ್ದು ಎಂಬುದರ ಮೇಲೆ ಅದರ ಗುಣ ನಿಲ್ಲುತ್ತದೆ. ಅಮೆರಿಕದಲ್ಲಿ ಒಳ್ಳೆಯ ಮದ್ದಿನ ಕಾರ್ಖಾನೆ ಹುಟ್ಟಿಕೊಂಡದ್ದರ ಹಿಂದೆಯೂ ಒಂದು ಬೇಟೆಯ ಕಥೆಯಿದೆ. ಫ್ರಾನ್ಸಿನಿಂದ ವಲಸೆ ಬಂದ ಎಲುತೇರ್ ಇರೆನೇ ದ್ಯುಪಾಂ, ಕರ್ನಲ್ ತೂಸಾರ್ ಎಂಬ ಸ್ನೇಹಿತರೊಡನೆ ಬೇಟೆಗೆ ಹೋದಾಗ ಅಲ್ಲಿನ ಮದ್ದು ಎಷ್ಟು ಕಳಪೆ, ಎಷ್ಟು ದುಬಾರಿ ಎಂದು ಕಂಡರಂತೆ. ಕಳಪೆಯನ್ನು ಗುರುತಿಸುವ ಕಣ್ಣು ಅವರಿಗಿತ್ತು. ರಸಾಯನ ವಿಜ್ಞಾನದ ಪಿತಾಮಹ ಎನಿಸಿದ ಲವ್ವಾಸಿಯೇ ಅವರ ಮೇಲ್ವಿಚಾರಣೆಯ ಫ್ರೆಂಚ್ ಸರ್ಕಾರಿ ಮದ್ದಿನ ಕಾರ್ಖಾನೆಯಲ್ಲಿ ತರಬೇತಾದವರು ಅವರು. 1802ರಲ್ಲಿ ಡೆಲವೇರ್ ರಾಜ್ಯದ ಬ್ರಾಂಡಿವೈನ್ ಹೊಳೆಯ ದಂಡೆಯಲ್ಲಿ ಗಿರಣಿ ಕಟ್ಟಿದರು. ಮೂರು ಕಡೆ ದಪ್ಪ ಕಲ್ಲಿನ ಗೋಡೆ, ಹೊಳೆಯ ಕಡೆಗೆ ಹಗುರ ಗೋಡೆ, ಮೇಲೆ ಹಗುರ ಮಾಡು: ಸ್ಫೋಟವಾದರೆ ಅದರ ರಭಸ ಪಕ್ಕದ ಗಿರಣಿಗೆ ತಾಗದೆ ನೀರಿನ ಮೇಲೆ ಹೋಗಲೆಂದು. ಆ ಕಲ್ಲಿನ ಗಿರಣಿಗಳು ಇಂದು ಹ್ಯಾಗ್ಲಿ ಮ್ಯೂಸಿಯಮ್ಮಿನ ಭಾಗವಾಗಿ ಉಳಿದಿವೆ.

ಆ ಗಿರಣಿಗಳಿಗೆ ಪೆಟ್ಲುಪ್ಪು ಬರುತ್ತಿದ್ದದ್ದು ಎಲ್ಲಿಂದ? ಬಹುಪಾಲು ನಮ್ಮ ಬಿಹಾರದ ಮಣ್ಣಿನಿಂದ, ಕಲ್ಕತ್ತಾ ಬಂದರಿನ ಮೂಲಕ. 1861ರಲ್ಲಿ ಅಮೆರಿಕದ ಅಂತರ್ಯುದ್ಧ ಶುರುವಾದಾಗ ಉತ್ತರದ ಸರ್ಕಾರ ಅದೇ ಮನೆತನದ ಲ್ಯಾಮೊ ದ್ಯುಪಾಂ ಅವರನ್ನು ಇಂಗ್ಲೆಂಡಿಗೆ ಕಳಿಸಿ, ಅಲ್ಲಿ ಸಿಗುವ ಪೆಟ್ಲುಪ್ಪನ್ನೆಲ್ಲ ಗುಟ್ಟಾಗಿ ಕೊಳ್ಳಲು ಹೇಳಿತು. ಹಡಗಿಗೆ ತುಂಬುತ್ತಿರುವಾಗಲೇ ಎರಡು ದೇಶಗಳ ನಡುವೆ ಟ್ರೆಂಟ್ ಹಡಗಿನ ತಕರಾರು ಎದ್ದು ಬ್ರಿಟನ್ ರಫ್ತು ತಡೆಹಿಡಿಯಿತು. ತಕರಾರು ಬಗೆಹರಿದ ಮೇಲಷ್ಟೇ ಹಡಗುಗಳು ಹೊರಟವು. ಪಟ್ನಾ ಸುತ್ತಿನ ನೋನಿಯಾ ಜನ ಹಟ್ಟಿಯ ಮಣ್ಣು ಕೆರೆದು, ನೀರಲ್ಲಿ ಬಸಿದು, ಕುದಿಸಿ ತೆಗೆದ ಉಪ್ಪು ಅಷ್ಟು ದೂರದ ಯುದ್ಧದ ದಿಕ್ಕನ್ನು ಹಿಡಿದು ನಿಂತಿತ್ತು. ಆ ಜನರ ಹೆಸರು ಅಮೆರಿಕದ ಕೋವಿ ಇತಿಹಾಸದ ಪುಸ್ತಕಗಳಲ್ಲಿ ಕಾಣಸಿಗುವುದು ತೀರಾ ಕಡಿಮೆ. ಕಾಣಬೇಕಿತ್ತು.

ಇಂದಿನ ಬೇಟೆಗಾರ ಅಂಗಡಿಗೆ ಹೋದರೆ ಡಬ್ಬಿಯ ಮೇಲೆ ಕಾಣುವುದು ಎಫ್ ಅಕ್ಷರ. ಒಂದು ಎಫ್ ಎಂದರೆ ದಪ್ಪ ಹರಳು, ಎರಡು ಎಫ್ ಅದಕ್ಕಿಂತ ಸಣ್ಣದು, ಮೂರು ಇನ್ನೂ ಸಣ್ಣದು, ನಾಲ್ಕು ಎಂದರೆ ಹಿಟ್ಟಿಗೆ ಹತ್ತಿರ. ಕರಿಮದ್ದು ಹರಳಿನ ಮೈಯಿಂದ ಒಳಕ್ಕೆ ಉರಿಯುತ್ತ ಹೋಗುತ್ತದೆ. ಹರಳು ಸಣ್ಣದಾದಷ್ಟೂ ಅದೇ ತೂಕಕ್ಕೆ ಉರಿಯುವ ಮೈ ಹೆಚ್ಚು, ಉರಿ ಚುರುಕು, ನಳಿಗೆಯೊಳಗೆ ಒತ್ತಡ ಜಾಸ್ತಿ. ಅರ್ಧ ಇಂಚು ಬಾಯಿಯ, ಅಂದರೆ .50 ಕ್ಯಾಲಿಬರಿನ ಕೋವಿಗೂ ಅದಕ್ಕಿಂತ ದೊಡ್ಡದಕ್ಕೂ ಎರಡು ಎಫ್, .45 ಮತ್ತು ಅದಕ್ಕಿಂತ ಸಣ್ಣದಕ್ಕೆ ಮೂರು ಎಫ್ ಎನ್ನುವುದು ರೂಢಿ. ನಾಲ್ಕು ಎಫ್ ಚಕಮಕಿ ಕೋವಿಯ ಹೊರಗಿನ ಬಟ್ಟಲಿಗೆ ಮಾತ್ರ. ಅದನ್ನು ನಳಿಗೆಗೆ ಸುರಿಯಬಾರದು.

ಆ ಬಟ್ಟಲಿನದೇ ಒಂದು ಸೂಕ್ಷ್ಮವಿದೆ. ಕೋವಿಯ ಬದಿಯಲ್ಲಿ ಪುಟ್ಟ ರಂಧ್ರ, ಅದರ ಹೊರಗೆ ಚಮಚದಷ್ಟೂ ಇಲ್ಲದ ಬಟ್ಟಲು. ಹೊಸಬರು ಬಟ್ಟಲು ತುಂಬ ಮದ್ದು ಸುರಿಯುತ್ತಾರೆ. ಆಗ ರಂಧ್ರ ಮುಚ್ಚಿಹೋಗಿ, ಅಲ್ಲಿನ ಮದ್ದು ಬತ್ತಿಯ ಹಾಗೆ ಉರಿದುಕೊಂಡು ಒಳಗೆ ಹೋಗಬೇಕಾಗುತ್ತದೆ. ಟ್ರಿಗರ್ ಎಳೆದದ್ದಕ್ಕೂ ಗುಂಡು ಹೊರಡುವುದಕ್ಕೂ ನಡುವೆ ಕಿವಿಗೆ ಗೊತ್ತಾಗುವಷ್ಟು ಬಿಡುವು, ಆ ಬಿಡುವಿನಲ್ಲಿ ಕೈ ಅಲುಗುತ್ತದೆ. ಮೂರರಿಂದ ಐದು ಗ್ರೇನ್ ಮದ್ದನ್ನು ರಂಧ್ರಕ್ಕಿಂತ ಕೆಳಗೆ ನಿಲ್ಲುವಂತೆ ಹಾಕಿದರೆ ಅದರ ಉರಿ ಒಮ್ಮೆಗೇ ಒಳಕ್ಕೆ ಚಿಮ್ಮುತ್ತದೆ. ಚಕಮಕಿ ಕೋವಿ ನಿಧಾನ ಎಂದು ದೂರುವವರಲ್ಲಿ ಅನೇಕರಿಗೆ ಈ ಬಟ್ಟಲಿನ ಅಳತೆ ಸರಿಪಡಿಸಿದರೆ ಸಾಕಾಗುತ್ತದೆ.

ಗ್ರೇನ್ ಎಂದರೆ ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಗುಂಜಿಯ ಅರ್ಧಕ್ಕಿಂತ ತುಸು ಹೆಚ್ಚು. ಗ್ರೇನ್ ತೂಕದ ಮಾನವಾದರೂ ಮದ್ದನ್ನು ತೂಗುವ ಪದ್ಧತಿಯಿಲ್ಲ, ಅಳೆಯುತ್ತಾರೆ. ಪಾವು ಸೇರಿನಲ್ಲಿ ಅಕ್ಕಿ ಅಳೆದಂತೆ ಗೆರೆ ಹಾಕಿದ ಹಿತ್ತಾಳೆಯ ಕೊಳವೆಯಲ್ಲಿ ಅಳೆದು, ಅಂಚಿಗೆ ಸರಿಯಾಗಿ ಒರೆಸಿ ನಳಿಗೆಗೆ ಸುರಿಯುವುದು. ಅಳತೆಯ ಸಂಖ್ಯೆಗಿಂತ ಪ್ರತಿಸಲವೂ ಅದೇ ರೀತಿ ಅಳೆಯುವುದು ಮುಖ್ಯ; ಒಮ್ಮೆ ಕೊಳವೆಯನ್ನು ತಟ್ಟಿ, ಇನ್ನೊಮ್ಮೆ ತಟ್ಟದೆ ಬಿಟ್ಟರೆ ಎರಡು ಈಡು ಎರಡು ಕಡೆ ಬೀಳುತ್ತವೆ. ಮದ್ದಿನ ಕೊಂಬಿನಿಂದ ನೇರವಾಗಿ ನಳಿಗೆಗೆ ಮಾತ್ರ ಎಂದೂ ಸುರಿಯಬಾರದು. ಹಿಂದಿನ ಈಡಿನ ಕೆಂಡದ ಚೂರು ಒಳಗೆ ಉಳಿದಿದ್ದರೆ ಇಡೀ ಕೊಂಬು ಕೈಯಲ್ಲೇ ಸಿಡಿಯುತ್ತದೆ.

ಕರಿಮದ್ದಿಗೆ ಬದಲಿಯೂ ಉಂಟು. 1970ರ ದಶಕದಲ್ಲಿ ಡ್ಯಾನ್ ಪಾಲಕ್ ಎಂಬುವರು ಪೈರೋಡೆಕ್ಸ್ ಎಂಬ ಬದಲಿ ಮದ್ದು ಕಂಡುಹಿಡಿದರು. ಅದನ್ನು ತಯಾರಿಸುತ್ತಿದ್ದ ಕಟ್ಟಡದಲ್ಲೇ 1977ರಲ್ಲಿ ಸ್ಫೋಟವಾಗಿ ತೀರಿಕೊಂಡರು. ಆ ಮದ್ದನ್ನು ಹಾಜ್ಡನ್ ಕಂಪನಿ ಮುಂದುವರಿಸಿತು. ಆಮೇಲೆ ಗಂಧಕವಿಲ್ಲದ ಟ್ರಿಪಲ್ ಸೆವೆನ್, ಕಸ ಕಡಿಮೆ ಉಳಿಸುವ ಬ್ಲ್ಯಾಕ್‌ಹಾರ್ನ್ 209 ಬಂದವು. ಟ್ರಿಪಲ್ ಸೆವೆನ್‌ಗೆ ಕಸುವು ಜಾಸ್ತಿ; ಕರಿಮದ್ದಿನ ವೇಗವೇ ಬೇಕಾದರೆ ಅಳತೆಯಲ್ಲಿ ಶೇ 15ರಷ್ಟು ಇಳಿಸಬೇಕೆಂದು ತಯಾರಕರೇ ಹೇಳುತ್ತಾರೆ. ಇವುಗಳಿಗೆಲ್ಲ ಹೊತ್ತಿಕೊಳ್ಳಲು ಕರಿಮದ್ದಿಗಿಂತ ಹೆಚ್ಚು ಬಿಸಿ ಬೇಕು. ಕೇಪು ಅಥವಾ ಶಾಟ್‌ಗನ್ ಪ್ರೈಮರ್ ಆ ಬಿಸಿ ಕೊಡುತ್ತದೆ, ಚಕಮಕಿಯ ಬಟ್ಟಲು ನೆಚ್ಚುವಷ್ಟು ಕೊಡುವುದಿಲ್ಲ. ಹಾಗಾಗಿ ಪೆನ್ಸಿಲ್ವೇನಿಯಾದ ಚಕಮಕಿಯವನಿಗೆ ಅಸಲಿ ಕರಿಮದ್ದೇ ಗತಿ. ಅಮೆರಿಕದಲ್ಲಿ ಅದನ್ನು ತಯಾರಿಸುತ್ತಿದ್ದದ್ದು ಗೋಯೆಕ್ಸ್. ಲೂಸಿಯಾನಾದ ಮಿಂಡನ್‌ನಲ್ಲಿದ್ದ ಆ ಕಾರ್ಖಾನೆಯನ್ನು 2021ರಲ್ಲಿ ಮುಚ್ಚುವುದಾಗಿ ಪ್ರಕಟವಾದಾಗ ಈ ಬೇಟೆಗಾರರ ವಲಯದಲ್ಲಿ ನಿಜವಾದ ಗಾಬರಿಯೆದ್ದಿತು. ಮರುವರ್ಷ ಮಕ್ಕಳ ಮಾದರಿ ರಾಕೆಟ್‌ಗಳಿಗೆ ಹೆಸರಾದ ಎಸ್ಟೆಸ್ ಸಂಸ್ಥೆಯ ಬಳಗ ಅದನ್ನು ಕೊಂಡಿತು. ಆ ರಾಕೆಟ್ ಎಂಜಿನ್‌ಗಳಿಗೂ ಬೇಕಾಗುವುದು ಕರಿಮದ್ದೇ. ಸ್ವಿಟ್ಜರ್ಲೆಂಡಿನ ಓಬಾನ್ ಊರಿನ ಮದ್ದು ಹೊಗೆ-ಮಸಿ ಕಡಿಮೆಯೆಂದು ಗುರಿಕಾರರು ಹೆಚ್ಚು ಹಣ ಕೊಟ್ಟು ಕೊಳ್ಳುತ್ತಾರೆ. ನನ್ನ ಅಭಿಪ್ರಾಯ ಕೇಳಿದರೆ, ಯಾವ ಕಂಪನಿಯದಾದರೂ ಸರಿ, ಒಂದನ್ನು ಹಿಡಿದು ಅದರಲ್ಲೇ ನಿಲ್ಲುವುದು ಲೇಸು. ವರ್ಷಕ್ಕೊಂದು ಡಬ್ಬಿ ಬದಲಿಸುವವನು ವರ್ಷವೂ ಹೊಸ ಕೋವಿ ಕಲಿಯಬೇಕಾಗುತ್ತದೆ.

ಒಂದು ಮಾತಿನಲ್ಲಿ ಮಾತ್ರ ಅಭಿಪ್ರಾಯಕ್ಕೆ ಎಡೆಯಿಲ್ಲ. ಆಧುನಿಕ ತೋಟಾಗಳಲ್ಲಿ ಇರುವ ಹೊಗೆರಹಿತ ಮದ್ದನ್ನು ಈ ಕೋವಿಗಳಿಗೆ ಹಾಕಿದರೆ ನಳಿಗೆ ಸಿಡಿದು ಕೈ, ಕಣ್ಣು ಹೋಗುತ್ತವೆ. ಅದಕ್ಕೆಂದೇ ಕಟ್ಟಿದ ಬೆರಳೆಣಿಕೆಯ ಮಾದರಿಗಳನ್ನು ಬಿಟ್ಟರೆ ಬೇರೆ ಯಾವುದಕ್ಕೂ ಅದು ಸಲ್ಲದು.

ಇನ್ನು ಗುಂಡು. ಹಳೆಯ ಕ್ರಮದ್ದು ಸೀಸದ ದುಂಡು ಗುಂಡು. .50 ಕೋವಿಗೆ .490 ಇಂಚಿನ ಗುಂಡು ಹಾಕುತ್ತಾರೆ. ಅಪ್ಪಟ ಸೀಸದ್ದಾದರೆ ಸುಮಾರು 177 ಗ್ರೇನ್, ಅಂದರೆ ಹನ್ನೊಂದೂವರೆ ಗ್ರಾಂ ತೂಗುತ್ತದೆ. ನಳಿಗೆಗಿಂತ ಗುಂಡು ಒಂದಿಷ್ಟು ಸಣ್ಣದು. ಆ ಸಂದನ್ನು ತುಂಬುವುದು ಗುಂಡಿಗೆ ಸುತ್ತಿಕೊಳ್ಳುವ ಬಟ್ಟೆಯ ತುಂಡು, ಅವರ ಮಾತಿನಲ್ಲಿ ಪ್ಯಾಚ್. ನಳಿಗೆಯೊಳಗೆ ಸುರುಳಿಯಾಗಿ ಕೊರೆದ ತೋಡುಗಳಿರುತ್ತವೆ. ಆ ತೋಡನ್ನು ಕಚ್ಚಿ ಹಿಡಿಯುವುದು ಬಟ್ಟೆ, ಬಟ್ಟೆಯನ್ನು ಕಚ್ಚಿಕೊಂಡು ತಿರುಗುವುದು ಗುಂಡು. ಸೀಸ ಉಕ್ಕನ್ನು ಮುಟ್ಟುವುದೇ ಇಲ್ಲ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಸುತ್ತ ನೆಲೆಸಿದ ಜರ್ಮನ್ ಮೂಲದ ಕೋವಿ ಕಮ್ಮಾರರು ಇದೇ ತತ್ವದ ಮೇಲೆ ತೆಳ್ಳನೆ ಉದ್ದ ನಳಿಗೆಯ ರೈಫಲನ್ನು ರೂಢಿಗೆ ತಂದರು. ಮದ್ದೂ ಸೀಸವೂ ದುರ್ಲಭವಾಗಿದ್ದ ಕಾಲದಲ್ಲಿ ಕಡಿಮೆ ಖರ್ಚಿನಲ್ಲಿ ಗುರಿ ತಾಗಿಸುವ ಜಾಣತನ ಅದು.

ದುಂಡು ಗುಂಡಿನ ಸ್ವಭಾವ ಅರಿತವರಿಗೆ ಮದ್ದಿನ ಅಳತೆ ತಾನೇ ತಿಳಿಯುತ್ತದೆ. 70 ಗ್ರೇನ್ ಎರಡು ಎಫ್ ಮದ್ದಿಗೆ ಅದು ನಳಿಗೆ ಬಿಡುವಾಗ ಸೆಕೆಂಡಿಗೆ 1,600-1,700 ಅಡಿಯ ಆಸುಪಾಸಿನಲ್ಲಿ ಹೊರಡುತ್ತದೆ. ದುಂಡಾದದ್ದು ಗಾಳಿಯನ್ನು ಸೀಳಲಾರದು. ನೂರು ಗಜ ಹೋಗುವಷ್ಟರಲ್ಲಿ ವೇಗ ಸಾವಿರದ ಹತ್ತಿರಕ್ಕೆ ಇಳಿದಿರುತ್ತದೆ. ಮದ್ದನ್ನು 100 ಗ್ರೇನ್‌ಗೆ ಏರಿಸಿದರೆ ಹೊರಡುವಾಗಿನ ವೇಗವೇನೋ ಹೆಚ್ಚುತ್ತದೆ, ಆದರೆ ಹೆಚ್ಚಾದದ್ದರ ಬಹುಪಾಲನ್ನು ಗಾಳಿ ದಾರಿಯಲ್ಲೇ ಕಸಿದುಕೊಳ್ಳುತ್ತದೆ. ಉಳಿಯುವುದು ಭುಜಕ್ಕೆ ಬೀಳುವ ಗುದ್ದು ಮತ್ತು ಚದುರಿದ ಗುರಿ. ಗುಂಡಿಗೆ ತೂಕ ಬೇಕಾದರೆ ದುಂಡಿಗೆ ಒಂದೇ ಹಾದಿ: ದಪ್ಪವಾಗುವುದು. .54 ಕೋವಿಯ .530 ಗುಂಡು ಸುಮಾರು 224 ಗ್ರೇನ್ ತೂಗುತ್ತದೆ. ವ್ಯಾಸದಲ್ಲಿ ಒಂದೇ ಮಿಲಿಮೀಟರ್ ಹೆಚ್ಚು, ತೂಕದಲ್ಲಿ ಕಾಲು ಭಾಗಕ್ಕೂ ಮಿಕ್ಕಿ. ಎಲ್ಕ್‌ನಂಥ ದೊಡ್ಡ ಪ್ರಾಣಿಯ ನಾಡಿನಲ್ಲಿ .54ಕ್ಕೆ ಹೆಸರು ಬಂದದ್ದು ಇದರಿಂದಲೇ.

ಉದ್ದ ಗುಂಡಿನದು ಬೇರೆ ಲೆಕ್ಕ. ಫ್ರೆಂಚ್ ಸೇನಾಧಿಕಾರಿ ಮಿನಿಯೆ 1840ರ ದಶಕದ ಕೊನೆಯಲ್ಲಿ ರೂಪಿಸಿದ ಗುಂಡಿಗೆ ತಳದಲ್ಲಿ ಪೊಳ್ಳು. ಮದ್ದು ಉರಿದಾಗ ಆ ಅಂಚು ಅರಳಿ ತೋಡನ್ನು ಕಚ್ಚುತ್ತಿತ್ತು. ಬಟ್ಟೆ ಬೇಡ, ತುಂಬುವುದು ಸಲೀಸು. ಅಂತರ್ಯುದ್ಧದ ಸ್ಪ್ರಿಂಗ್‌ಫೀಲ್ಡ್ ರೈಫಲ್‌ಗಳಲ್ಲಿ ಹಾರಿದ್ದು ಇದೇ. ಬೇಟೆಯಲ್ಲೂ ಉದ್ದ ಗುಂಡು ಭಾರವಾಗಿ ಆಳಕ್ಕೆ ಇಳಿಯುತ್ತದೆ. ಒಂದು ಅಪಾಯ ಗಮನದಲ್ಲಿರಬೇಕು: ಬಟ್ಟೆಯ ಹಿಡಿತವಿಲ್ಲದ್ದರಿಂದ ಬಾಯಿ ಕೆಳಗೆ ಮಾಡಿ ಕೋವಿ ಹೊತ್ತು ನಡೆದರೆ ಗುಂಡು ಮುಂದಕ್ಕೆ ಜಾರಬಹುದು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಬಿಟ್ಟು ಹೊಡೆದರೆ ನಳಿಗೆ ಉಬ್ಬುತ್ತದೆ ಅಥವಾ ಸೀಳುತ್ತದೆ.

ಯಾವ ನಳಿಗೆಗೆ ಯಾವ ಗುಂಡು ಎನ್ನುವುದನ್ನು ತೀರ್ಮಾನಿಸುವುದು ನಳಿಗೆಯ ತೋಡುಗಳ ಸುರುಳಿಯ ವೇಗ. 66 ಅಥವಾ 72 ಇಂಚಿಗೆ ಒಂದು ಸುತ್ತು ಬರುವ ನಿಧಾನ ಸುರುಳಿ ದುಂಡು ಗುಂಡಿಗೆ ಹೇಳಿ ಮಾಡಿಸಿದ್ದು. 28 ಇಂಚಿಗೊಂದು ಸುತ್ತು ಬರುವ ಚುರುಕು ಸುರುಳಿ ಉದ್ದ ಗುಂಡಿಗೆ. ಚುರುಕು ಸುರುಳಿಯ ನಳಿಗೆಯಲ್ಲಿ ದುಂಡು ಗುಂಡಿಗೆ ಮದ್ದು ಹೆಚ್ಚಿಸಿದರೆ ಬಟ್ಟೆ ತೋಡಿನ ಹಿಡಿತ ತಪ್ಪಿ ಜಾರುತ್ತದೆ, ಗುಂಡು ತಿರುಗದೆ ಹಾರುತ್ತದೆ. 1970ರಲ್ಲಿ ಥಾಂಪ್ಸನ್ ಸೆಂಟರ್ ಕಂಪನಿ ತಂದ ಹಾಕನ್ ರೈಫಲ್ ಎರಡಕ್ಕೂ ನಡೆಯಲೆಂದು 48 ಇಂಚಿನ ಸುರುಳಿ ಇಟ್ಟುಕೊಂಡಿತು. ಸಾವಿರಾರು ಮಂದಿಗೆ ಈ ಹವ್ಯಾಸ ಹತ್ತಿಸಿದ್ದೇ ಆ ಕೋವಿ. ಕೋವಿ ಕೊಳ್ಳುವ ಮುನ್ನ ಸುರುಳಿ ಎಷ್ಟೆಂದು ಕೇಳದವರು ಆಮೇಲೆ ಮದ್ದನ್ನೂ ಗುಂಡನ್ನೂ ದೂರುತ್ತಾರೆ.

ಈಗ ಬಟ್ಟೆಯ ವಿಷಯ. ಇಡೀ ವಿದ್ಯೆಯಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗ ಇದು. ದಿಂಬಿನ ಗವುಸಿಗೆ ಬಳಸುವ ಒತ್ತು ನೇಯ್ಗೆಯ ಹತ್ತಿಬಟ್ಟೆ, ದಪ್ಪ .015ರಿಂದ .018 ಇಂಚು. ಒಗೆದು ಗಂಜಿ ಬಿಡಿಸಿ, ಎಣ್ಣೆ ಅಥವಾ ಜಿಡ್ಡು ಸವರಿರುತ್ತಾರೆ. ಈಡು ಹೊಡೆದ ಮೇಲೆ ಗುಂಡು ಗುರಿಗೆ ಹೋಗುತ್ತದೆ, ಬಟ್ಟೆ ಕೆಲವು ಗಜ ಮುಂದೆ ಹುಲ್ಲಿನ ಮೇಲೆ ಬೀಳುತ್ತದೆ. ಬಲ್ಲವರು ಗುರಿಹಲಗೆಯ ಕಡೆ ನಡೆಯುವ ಮುಂಚೆ ಆ ಬಟ್ಟೆಯನ್ನು ಹುಡುಕುತ್ತಾರೆ. ಅಂಗೈಯಲ್ಲಿ ಹರವಿ ನೋಡಿದರೆ ನಡುವೆ ಗುಂಡು ಕೂತ ಮಸಿಯ ದುಂಡು ಗುರುತು, ಸುತ್ತಲೂ ನಳಿಗೆಯ ತೋಡುಗಳು ಒತ್ತಿದ ಗೆರೆಗಳು, ಅಂಚಿನಲ್ಲಿ ಸ್ವಲ್ಪ ನೂಲು ಬಿಚ್ಚಿರುವುದು. ಹೀಗಿದ್ದರೆ ಎಲ್ಲ ಕ್ಷೇಮ. ನಡುವೆ ಸುಟ್ಟು ತೂತಾಗಿದ್ದರೆ ಬಟ್ಟೆ ತೆಳುವಾಯಿತು, ಇಲ್ಲವೇ ಜಿಡ್ಡು ಸಾಲದು, ಇಲ್ಲವೇ ಮದ್ದು ಹೆಚ್ಚಾಯಿತು. ತೋಡಿನ ಗೆರೆಗುಂಟ ಕೊಯ್ದಂತೆ ಸೀಳಿದ್ದರೆ ಹೊಸ ನಳಿಗೆಯ ಒಳ ಅಂಚು ಚೂಪಾಗಿದೆ. ಗೆರೆಯೇ ಮೂಡದಿದ್ದರೆ ಗುಂಡು ಸಡಿಲ. ಬಟ್ಟೆ ಚೂರುಚೂರಾಗಿ ಸಿಕ್ಕರೆ ಗುರಿಹಲಗೆಯಲ್ಲಿ ಗುಂಡುಗಳು ಚದುರಿದ್ದನ್ನು ನೋಡಲು ಹೋಗುವ ಅಗತ್ಯವೇ ಇಲ್ಲ. ಯಾವ ಯಂತ್ರವೂ ಇಲ್ಲದೆ ನಳಿಗೆಯೊಳಗೆ ನಡೆದದ್ದನ್ನು ಒಂದು ಚಿಂದಿ ಬಟ್ಟೆ ಇಷ್ಟು ಸ್ಪಷ್ಟವಾಗಿ ಹೇಳುತ್ತದೆ.

ಜಿಡ್ಡಿನ ಮಾತು ಬಂದಾಗ ಹಿಂದೂಸ್ತಾನದವರಾದ ನಮಗೆ 1857 ನೆನಪಾಗದಿರದು. ಸಿಪಾಯಿಗಳಿಗೆ ಕೊಡಲು ಬಂದ ಎನ್‌ಫೀಲ್ಡ್ ಕೂಡ ಬಾಯಿಯಿಂದ ತುಂಬುವ ರೈಫಲ್ಲೇ. ಮದ್ದು ಮತ್ತು ಗುಂಡು ಒಟ್ಟಿಗೆ ಕಟ್ಟಿದ ಕಾಗದದ ತೋಟಾ, ಅದಕ್ಕೆ ಸವರಿದ ಕೊಬ್ಬು, ಅದನ್ನು ಹಲ್ಲಿನಿಂದ ಹರಿಯಬೇಕೆಂಬ ಕವಾಯತು. ಅದು ದನ-ಹಂದಿಯ ಕೊಬ್ಬೆಂಬ ಸುದ್ದಿ ದಂಡಿನಿಂದ ದಂಡಿಗೆ ಹಬ್ಬಿತು. ಆ ಕೊಬ್ಬು ಅಲ್ಲಿ ಯಾಕಿತ್ತು ಎನ್ನುವುದಕ್ಕೆ ಉತ್ತರ ಈ ಬೇಟೆಗಾರರ ಕೈಚೀಲದಲ್ಲಿದೆ. ಕರಿಮದ್ದು ಉರಿದಾಗ ಅದರ ತೂಕದ ಅರ್ಧಕ್ಕೂ ಹೆಚ್ಚು ಭಾಗ ಗಟ್ಟಿ ಪದಾರ್ಥವಾಗಿ ಉಳಿಯುತ್ತದೆ. ಅದರಲ್ಲಿ ಸ್ವಲ್ಪ ಹೊಗೆಯಾಗಿ ಹಾರಿ, ಮಿಕ್ಕದ್ದು ನಳಿಗೆಗೆ ಅಂಟುತ್ತದೆ. ಜಿಡ್ಡು ಅದನ್ನು ಮೆತ್ತಗಿಡದಿದ್ದರೆ ಮೂರು-ನಾಲ್ಕು ಈಡಿಗೆ ಗುಂಡು ಒಳಗೆ ಇಳಿಯುವುದೇ ಕಷ್ಟ. ಇಂದು ಜೇನುಮೇಣಕ್ಕೆ ಸಸ್ಯಜನ್ಯ ಕೊಬ್ಬು ಅಥವಾ ಟ್ಯಾಲೋ ಎಂಬ ಪ್ರಾಣಿಕೊಬ್ಬು ಕೂಡಿಸಿ ಬಳಸುತ್ತಾರೆ. ಪೆಟ್ರೋಲಿಯಂ ಗ್ರೀಸು ಕರಿಮದ್ದಿನ ಮಸಿಯೊಡನೆ ಸೇರಿ ಡಾಂಬರಿನಂತಾಗುವುದರಿಂದ ಅದನ್ನು ದೂರವಿಡುತ್ತಾರೆ.

ಇಷ್ಟು ತಿಳಿದ ಮೇಲೆ ಅಳತೆ ಕಂಡುಕೊಳ್ಳುವ ಕೆಲಸ. ಬೇಸಿಗೆಯಲ್ಲೇ ಮಾಡಬೇಕು, ಋತು ಶುರುವಾಗುವ ವಾರದಲ್ಲಿ ಅಲ್ಲ. ಮರಳಿನ ಚೀಲದ ಮೇಲೆ ಕೋವಿ ಒರಗಿಸಿ, 50 ಗಜ ದೂರದ ಹಲಗೆಗೆ ಗುರಿ. .50 ಕೋವಿಗೆ 50 ಗ್ರೇನ್‌ನಿಂದ ಆರಂಭಿಸುವುದು ವಾಡಿಕೆ. ಅದೇ ಅಳತೆಯಲ್ಲಿ ಐದು ಈಡು, ಪ್ರತಿ ಈಡಿನ ನಡುವೆ ಒದ್ದೆ ಬಟ್ಟೆಯಿಂದ ಒಮ್ಮೆ, ಒಣಬಟ್ಟೆಯಿಂದ ಒಮ್ಮೆ ನಳಿಗೆ ಒರೆಸುವುದು. ಆಮೇಲೆ 55, 60, 65 ಎಂದು ಐದೈದೇ ಗ್ರೇನ್ ಏರಿಸುವುದು, ತಯಾರಕರು ಹೇಳಿದ ಮೇಲ್ಮಿತಿಯನ್ನು ಎಂದೂ ದಾಟದೆ. ಹಲಗೆಯ ಮೇಲಿನ ತೂತುಗಳು ಹತ್ತಿರ ಹತ್ತಿರ ಬರುತ್ತಾ ಒಂದು ಹಂತದಲ್ಲಿ ಒಂದಕ್ಕೊಂದು ತಾಗುವಂತಾಗಿ, ಆಮೇಲೆ ಮತ್ತೆ ಚದುರತೊಡಗುತ್ತವೆ. ಆ ಹಂತವೇ ಆ ನಳಿಗೆ ಬಯಸಿದ ಅಳತೆ. ಪಕ್ಕದವನ ಅದೇ ಕಂಪನಿಯ, ಅದೇ ಮಾದರಿಯ ಕೋವಿಗೆ ಅದು 60 ಇದ್ದರೆ ನಿಮ್ಮದಕ್ಕೆ 75 ಆಗಿರಬಹುದು. ಸಿಕ್ಕ ಮೇಲೆ ಬಟ್ಟೆಯ ದಪ್ಪ ಬದಲಿಸಿ ನೋಡಬೇಕು, ಅನಂತರ ಜಿಡ್ಡು, ಅನಂತರ .490ರ ಬದಲು .495 ಗುಂಡು. ಒಮ್ಮೆಗೆ ಒಂದೇ ಬದಲಾವಣೆ, ಪ್ರತಿಯೊಂದನ್ನೂ ಬರೆದಿಟ್ಟುಕೊಂಡು. ಎರಡನ್ನು ಒಟ್ಟಿಗೆ ಬದಲಿಸಿದವನಿಗೆ ಗುರಿ ಸುಧಾರಿಸಿದರೂ ಯಾಕೆ ಸುಧಾರಿಸಿತೆಂದು ತಿಳಿಯುವುದಿಲ್ಲ.

ಗುಂಡನ್ನು ಮದ್ದಿನ ಮೇಲೆ ಒತ್ತಿ ಕೂರಿಸುವ ಬಲವೂ ಪ್ರತಿಸಲ ಒಂದೇ ಇರಬೇಕು. ಗಜಕೋಲನ್ನು ಎತ್ತಿ ಕುಕ್ಕಿದರೆ ಮೆತ್ತನೆ ಸೀಸ ಜಜ್ಜಿ ಆಕಾರ ಕೆಡುತ್ತದೆ, ಹರಳು ಪುಡಿಯಾಗುತ್ತದೆ. ಒಮ್ಮೆ ಸರಿಯಾಗಿ ತುಂಬಿದಾಗ ಗಜಕೋಲಿನ ಮೇಲೆ ನಳಿಗೆಯ ಬಾಯಿಗೆ ಸಮನಾಗಿ ಒಂದು ಗೆರೆ ಹಾಕಿಟ್ಟುಕೊಂಡರೆ ಕಾಡಿನಲ್ಲಿ ಗುಂಡು ಪೂರ್ತಿ ಇಳಿದಿದೆಯೋ ಇಲ್ಲವೋ ಎಂದು ಒಂದು ನೋಟಕ್ಕೆ ಗೊತ್ತಾಗುತ್ತದೆ.

ಬೇಟೆಗೆ ಬೇಕಾದದ್ದು ಇದಕ್ಕಿಂತ ಒಂದು ಹೆಜ್ಜೆ ಹೆಚ್ಚು. ಸ್ಪರ್ಧೆಯಲ್ಲಿ ಐದನೆಯ ಗುಂಡೂ ಲೆಕ್ಕ, ಕಾಡಿನಲ್ಲಿ ಮೊದಲನೆಯದು ಮಾತ್ರ. ಅದೂ ತಣ್ಣಗಿನ, ಶುಚಿಯಾದ ನಳಿಗೆಯಿಂದ ಹೊರಡುವ ಗುಂಡು. ಮಸಿ ಹಿಡಿದ ನಳಿಗೆಯ ಗುಂಡು ಬೀಳುವ ಕಡೆಯೇ ಅದು ಬೀಳಬೇಕೆಂದಿಲ್ಲ. ಜವಾಬ್ದಾರಿಯುಳ್ಳ ಬೇಟೆಗಾರರು ತುಕ್ಕಿಗೆಂದು ಸವರಿದ್ದ ಎಣ್ಣೆಯನ್ನು ಸ್ಪಿರಿಟ್ಟಿನಿಂದ ಒರೆಸಿ, ಬೆಳಿಗ್ಗೆ ಒಂದೇ ಒಂದು ಈಡು ಹೊಡೆದು, ಕೋವಿ ತೊಳೆದಿಟ್ಟು, ಇನ್ನೊಂದು ದಿನ ಮತ್ತೆ ಒಂದು ಹೊಡೆಯುತ್ತಾರೆ. ಹಾಗೆ ಬೇರೆ ಬೇರೆ ಬೆಳಗುಗಳ ಗುಂಡುಗಳು ಒಂದೇ ಹಲಗೆಯಲ್ಲಿ ಎಷ್ಟು ಹತ್ತಿರ ಬಿದ್ದಿವೆಯೋ ಅಷ್ಟೇ ಅವರ ನಿಜವಾದ ಗುರಿ. ಜಿಂಕೆಯ ಎದೆಗೂಡಿನ ಮರ್ಮಸ್ಥಾನ ಸುಮಾರು ಎಂಟು ಇಂಚು ಅಗಲ. ನಿಂತೋ ಕೂತೋ ಆ ಎಂಟು ಇಂಚಿನೊಳಗೆ ಯಾವ ದೂರದವರೆಗೆ ಖಂಡಿತವಾಗಿ ತಾಗಿಸಬಲ್ಲಿರೋ ಅಲ್ಲಿಗೆ ನಿಮ್ಮ ಬೇಟೆಯ ದೂರ ಮುಗಿಯಿತು. ದುಂಡು ಗುಂಡಿಗೆ ಹೆಚ್ಚಿನವರಲ್ಲಿ ಅದು 75 ಗಜ, ಬಹಳವೆಂದರೆ ನೂರು.

ಈ ಮಿತಿಯನ್ನೇ ದಾಟಬೇಕೆಂದು ಹೊರಟದ್ದು ಇನ್‌ಲೈನ್ ಕೋವಿ. ಮಿಸ್ಸೂರಿಯ ಟೋನಿ ನೈಟ್ 1985ರಲ್ಲಿ ಎಂಕೆ-85 ಮಾಡಿದಾಗಿನಿಂದ ನಳಿಗೆಯ ನೇರಕ್ಕೆ ಹಿಂದಿನಿಂದ ಹೊತ್ತುವ, ದುರ್ಬೀನು ಕೂರಿಸಬಹುದಾದ ಕೋವಿಗಳು ಮಾರುಕಟ್ಟೆ ಆಳುತ್ತಿವೆ. ಅವುಗಳಲ್ಲಿ ಗುಂಡು ಪ್ಲಾಸ್ಟಿಕ್ಕಿನ ಕವಚದೊಳಗೆ ಕೂರುತ್ತದೆ. ಸ್ಯಾಬೊ ಎನ್ನುವ ಆ ಕವಚ ತೋಡನ್ನು ಕಚ್ಚಿ ತಿರುಗಿ, ಹೊರಬಿದ್ದೊಡನೆ ಕಳಚಿಕೊಳ್ಳುತ್ತದೆ. ಮದ್ದೂ ಬಿಲ್ಲೆಯಾಗಿ ಬರುತ್ತದೆ, ಒಂದಕ್ಕೆ 50 ಗ್ರೇನ್. ಮೂರು ಬಿಲ್ಲೆ ಹಾಕಿ, 150 ಗ್ರೇನ್, ಇನ್ನೂರು ಗಜ ದೂರ ಎಂದು ಜಾಹೀರಾತುಗಳು ಕೂಗುತ್ತವೆ. ನನಗೆ ಇದು ಒಪ್ಪಿಗೆಯಿಲ್ಲ. ಬಿಲ್ಲೆಯಲ್ಲಿ ಐದು ಗ್ರೇನ್ ಹೆಚ್ಚುಕಡಿಮೆ ಮಾಡುವ ಅವಕಾಶವೇ ಇಲ್ಲ. ನಳಿಗೆಗೆ ಏನು ಬೇಕೆಂದು ಕೇಳದೆ ಕಾರ್ಖಾನೆ ಕೊಟ್ಟದ್ದನ್ನು ಹಾಕಬೇಕು. ಎಷ್ಟೋ ಇನ್‌ಲೈನ್ ಕೋವಿಗಳಲ್ಲಿ ಎರಡು ಬಿಲ್ಲೆಗೆ, ಇಲ್ಲವೇ 80-90 ಗ್ರೇನ್ ಬಿಡಿಮದ್ದಿಗೆ ಇಳಿದೊಡನೆ ಗುಂಡುಗಳು ಒಂದೆಡೆ ಸೇರುತ್ತವೆ. ಕೊಲೊರಾಡೊ ಮತ್ತು ಐಡಾಹೊ ರಾಜ್ಯಗಳು ತಮ್ಮ ಮಜಲ್‌ಲೋಡರ್, ಅಂದರೆ ಬಾಯಿಯಿಂದ ತುಂಬುವ ಕೋವಿಯ ಋತುವಿನಲ್ಲಿ ಬಿಲ್ಲೆ ಮದ್ದನ್ನೂ ಸ್ಯಾಬೊವನ್ನೂ ದುರ್ಬೀನನ್ನೂ ನಿಷೇಧಿಸಿರುವುದು ಸರಿಯಾಗಿಯೇ ಇದೆ. ಹಳೆಯ ಕೋವಿಯ ಹೆಸರಲ್ಲಿ ಪ್ರತ್ಯೇಕ ಋತು ಕೊಟ್ಟ ಮೇಲೆ ಹತ್ತಿರ ಹೋಗುವ ಶ್ರಮವೂ ಅದರ ಭಾಗವಾಗಿರಬೇಕು.

ಮಳೆ, ಹಿಮಗಳಲ್ಲಿ ಮದ್ದು ಒಣಗಿರುವಂತೆ ಕಾಯುವ ವಿಚಾರದಲ್ಲಿ ಲೂಯಿಸ್ ಮತ್ತು ಕ್ಲಾರ್ಕ್ ತಂಡದ ಉಪಾಯಕ್ಕಿಂತ ಒಳ್ಳೆಯದನ್ನು ನಾನು ಓದಿಲ್ಲ. 1803ರಲ್ಲಿ ಖಂಡ ದಾಟಲು ಸಜ್ಜಾಗುತ್ತಿದ್ದ ಮೆರಿವೆದರ್ ಲೂಯಿಸ್, ಮದ್ದಿಗೆ ಮರದ ಪೀಪಾಯಿ ಬೇಡವೆಂದು ಸೀಸದ ಡಬ್ಬಿಗಳನ್ನೇ ಮಾಡಿಸಿದರು. ಒಂದೊಂದರಲ್ಲೂ ನಾಲ್ಕು ಪೌಂಡ್ ಮದ್ದು, ಡಬ್ಬಿಯದೇ ತೂಕ ಎಂಟು ಪೌಂಡ್ ಸೀಸ. ಮದ್ದು ತೆಗೆದ ಮೇಲೆ ಡಬ್ಬಿಯನ್ನು ಕರಗಿಸಿದರೆ ಆ ಮದ್ದಿಗೆ ಬೇಕಾಗುವಷ್ಟು ಗುಂಡು. ದೋಣಿ ಮಗುಚಿ ನೀರಲ್ಲಿ ಮುಳುಗಿದ್ದ ಡಬ್ಬಿಗಳಲ್ಲೂ ಮದ್ದು ಒಣಗಿತ್ತೆಂದು 1806ರ ಫೆಬ್ರುವರಿಯಲ್ಲಿ ಪೆಸಿಫಿಕ್ ಕರಾವಳಿಯ ಕ್ಲಾಟ್‌ಸಪ್ ಕೋಟೆಯಲ್ಲಿ ಅವರು ದಿನಚರಿಯಲ್ಲಿ ಬರೆದಿದ್ದಾರೆ. ರೈಫಲ್ಲಿನ ಮದ್ದು, ಮಸ್ಕೆಟ್ಟಿನ ಮದ್ದು ಎಂದು ಡಬ್ಬಿಗಳನ್ನು ಬೇರೆ ಬೇರೆ ಎಣಿಸಿಟ್ಟಿದ್ದರು.

ಸೀಸಕ್ಕೆ ಈಗ ಬೇರೊಂದು ಪ್ರಶ್ನೆ ಎದುರಾಗಿದೆ. ಗುಂಡಿನ ಚೂರಿರುವ ಕರುಳು-ಕಳೇಬರ ತಿಂದು ಕ್ಯಾಲಿಫೋರ್ನಿಯಾದ ಕಾಂಡೋರ್ ರಣಹದ್ದುಗಳು ಸೀಸದ ವಿಷದಿಂದ ಸಾಯುತ್ತಿದ್ದವು. ಆ ರಾಜ್ಯ 2019ರ ಜುಲೈ 1ರಿಂದ ಎಲ್ಲ ಬೇಟೆಗೂ ಸೀಸದ ಗುಂಡನ್ನು ನಿಷೇಧಿಸಿತು. ಬಾಯಿಯಿಂದ ತುಂಬುವ ಕೋವಿಗೂ ಇದರಿಂದ ವಿನಾಯಿತಿಯಿಲ್ಲ. ದುಂಡು ಗುಂಡಿಗೆ ಬದಲಿಯಾಗಿ ಬಂದಿರುವುದು ಬಿಸ್ಮತ್ ಮಿಶ್ರಲೋಹ. ಅದು ಸೀಸಕ್ಕಿಂತ ಸುಮಾರು ಏಳನೇ ಒಂದು ಭಾಗ ಹಗುರ, ಗಟ್ಟಿ, ಪೆಡಸು. ಉಗುರು ಊರಿದರೆ ಗೀರು ಬೀಳುವ ಅಪ್ಪಟ ಸೀಸ ನಳಿಗೆಗೆ ಹೊಂದಿಕೊಳ್ಳುವಂತೆ ಇದು ಹೊಂದಿಕೊಳ್ಳುವುದಿಲ್ಲ. ಹಾಗಾಗಿ ಬಿಸ್ಮತ್‌ಗೆ ಬದಲಾದವರು ಸೀಸದ ಕಾಲದ ಪಟ್ಟಿಯನ್ನು ಬದಿಗಿಟ್ಟು ತೆಳು ಬಟ್ಟೆ ಅಥವಾ ಸಣ್ಣ ಗುಂಡಿನಿಂದ, 50 ಗ್ರೇನ್ ಮದ್ದಿನಿಂದ ಪರೀಕ್ಷೆ ಶುರುಮಾಡಬೇಕಾಗುತ್ತದೆ. ಸಮಯ ಹಿಡಿಯುವ ಕೆಲಸ ನಿಜ. ಹದ್ದುಗಳ ಸಲುವಾಗಿ ಅಷ್ಟು ಸಮಯ ಕೊಡುವುದಕ್ಕೆ ಬೇಟೆಗಾರ ಹಿಂದೆಗೆಯಬಾರದು.